ಮಾರಿಬಿಡಿ ಅನ್ನುವ ಮುಂಚೆ

ದೊಡ್ಡವನೇ, ನಿನ್ನ ವಾದ ನನಗೆ ಬಾಯಿಪಾಠ ಆಗಿದೆ. ಇರುವ ಆಟಗಾರರನ್ನೆಲ್ಲ ಮಾರಿಬಿಡಬೇಕು, ಬದಲಿಗೆ ಇಪ್ಪತ್ತರ ಆಸುಪಾಸಿನ ಹುಡುಗರನ್ನು ತರಬೇಕು, ನಾಲ್ಕು ವರ್ಷ ಸೋತರೂ ಸಹಿಸಬೇಕು, ಐದನೆಯ ವರ್ಷ ವರ್ಲ್ಡ್ ಸೀರೀಸ್. ಪುಟ್ಟಿ, ನಿನ್ನದು ಇದಕ್ಕೆ ತದ್ವಿರುದ್ಧ: ಮಾಲೀಕರ ಹತ್ತಿರ ದುಡ್ಡು ಕೊಳೆಯುತ್ತಿದೆ, ಬಿಚ್ಚಲಿ, ದೊಡ್ಡ ಹೆಸರಿನವರನ್ನು ಕರೆತರಲಿ. ನಮ್ಮ ಬೇಸ್‌ಬಾಲ್ ತಂಡ ವೈಟ್ ಸಾಕ್ಸ್ 2023ರಲ್ಲಿ 101 ಪಂದ್ಯ ಸೋತಿತು, 2024ರಲ್ಲಿ 121, 2025ರಲ್ಲಿ 102. ಇಷ್ಟು ಸೋತ ತಂಡದ ಅಭಿಮಾನಿಗಳು ಜಗಳ ಆಡದೆ ಇನ್ನೇನು ಮಾಡಿಯಾರು? ಆಡಿ. ಜೆರ್ರಿ ರೈನ್ಸ್‌ಡಾರ್ಫ್ ಈ ತಂಡವನ್ನು ಕೊಂಡ 1981ರಿಂದ ಶಿಕಾಗೋದಲ್ಲಿ ಇಂಥ ಜಗಳ ಕೇಳುತ್ತಲೇ ಬಂದಿದ್ದೇನೆ. ಆದರೆ ಮೊನ್ನೆ ಭಾನುವಾರ ಊಟದ ಹೊತ್ತಿನಲ್ಲಿ ನಿಮ್ಮಿಬ್ಬರ ಮಾತು ಕೇಳಿದ ಮೇಲೆ ಒಂದೆರಡು ವಿಷಯ ಹೇಳಲೇಬೇಕು ಅನ್ನಿಸಿತು. ಎದುರಿಗೆ ಹೇಳಿದರೆ ಇಬ್ಬರೂ ಒಟ್ಟಾಗಿ ನನ್ನ ಬಾಯಿ ಮುಚ್ಚಿಸುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡವನೇ, ನೀನು ಹೇಳುವ ಪ್ರಯೋಗ ಈ ಊರಿನಲ್ಲೇ ಒಮ್ಮೆ ನಡೆದುಹೋಗಿದೆ. ಆಗ ನೀನಿನ್ನೂ ಚಿಕ್ಕವನು. 2016ರ ಡಿಸೆಂಬರ್‌ನಲ್ಲಿ ಕ್ರಿಸ್ ಸೇಲ್ ಎಂಬ ಅಪ್ಪಟ ಪಿಚರ್‌ನನ್ನು ಬಾಸ್ಟನ್‌ಗೆ ಕೊಟ್ಟು ಯೋಆನ್ ಮೊಂಕಾಡ, ಮೈಕೆಲ್ ಕೋಪೆಕ್ ಮತ್ತು ಇನ್ನಿಬ್ಬರನ್ನು ತಂದರು. ಅದರ ಬೆನ್ನಿಗೇ ಆಡಮ್ ಈಟನ್‌ನನ್ನು ವಾಷಿಂಗ್ಟನ್‌ಗೆ ಕೊಟ್ಟು ಲೂಕಸ್ ಜಿಯೋಲಿಟೋ ಸೇರಿ ಮೂವರು ಪಿಚರ್‌ಗಳನ್ನು ತಂದರು. ಮುಂದಿನ ಜುಲೈನಲ್ಲಿ ಹೋಸೆ ಕಿಂಟಾನನನ್ನು, ಅದೂ ಪಕ್ಕದ ಬೀದಿಯ ವೈರಿ ಕಬ್ಸ್ ತಂಡಕ್ಕೇ ಕೊಟ್ಟು, ಎಲಾಯ್ ಹಿಮೆನೆಸ್ ಮತ್ತು ಡಿಲನ್ ಸೀಸ್‌ರನ್ನು ಪಡೆದರು. ಆಗ ಇಡೀ ದೇಶದ ಬೇಸ್‌ಬಾಲ್ ಪಂಡಿತರು ಚಪ್ಪಾಳೆ ತಟ್ಟಿದರು. ಮೊಂಕಾಡ ಎಳೆಯರ ಪಟ್ಟಿಗಳಲ್ಲಿ ತುತ್ತತುದಿಯಲ್ಲಿದ್ದವನು. ಕಾಗದದ ಮೇಲೆ ಯಾರೂ ತಪ್ಪು ಹಿಡಿಯುವಂತಿರಲಿಲ್ಲ.

ಫಲವೂ ಬಂತು, ಸುಳ್ಳು ಹೇಳಬಾರದು. 2020ರಲ್ಲಿ ಪ್ಲೇಆಫ್, 2021ರಲ್ಲಿ 93 ಗೆಲುವು, ಡಿವಿಜನ್ ಪ್ರಶಸ್ತಿ. ಜಿಯೋಲಿಟೋ ಒಂದು ನೋ-ಹಿಟರ್ ಕೂಡ ಎಸೆದ. ಆಮೇಲೆ? 2022ರಲ್ಲಿ 81 ಗೆಲುವು, 81 ಸೋಲು. ಅದರ ಮರುವರ್ಷವೇ ನೂರೊಂದು ಸೋಲು. ತಂಡದ ಆಡಳಿತ ನಡೆಸುತ್ತಿದ್ದ ಕೆನ್ ವಿಲಿಯಮ್ಸ್ ಮತ್ತು ರಿಕ್ ಹಾನ್, ಇಬ್ಬರನ್ನೂ ಮನೆಗೆ ಕಳಿಸಿದರು. ಕಟ್ಟಲು ಐದು ವರ್ಷ, ಕುಸಿಯಲು ಎರಡೇ ವರ್ಷ.

ಏಕೆ ಹೀಗಾಯಿತು ಎಂದು ಕೇಳಿದರೆ ಪ್ರತಿಯೊಬ್ಬರೂ ಒಂದೊಂದು ಟ್ರೇಡ್‌ನ ಮೇಲೆ ಬೆರಳು ತೋರಿಸುತ್ತಾರೆ. ನನ್ನ ಲೆಕ್ಕ ಬೇರೆ. ಹಾಲು ಕೊಡುವ ಹಸುವನ್ನು ಮಾರಿ ಕರು ತಂದವನು ಕೊಟ್ಟಿಗೆ ನೋಡಿಕೊಳ್ಳಬೇಕಲ್ಲ. ಕೋಪೆಕ್ 2018ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದ, 2019 ಮತ್ತು 2020 ಎರಡೂ ವರ್ಷ ಆಡಲಿಲ್ಲ. ಹಿಮೆನೆಸ್ 2021ರ ಅಭ್ಯಾಸ ಪಂದ್ಯವೊಂದರಲ್ಲಿ, ಹೇಗೂ ಸಿಗದ ಚೆಂಡಿಗಾಗಿ ಗೋಡೆಯ ಮೇಲೆ ಕೈ ಚಾಚಿ ಎದೆಯ ಸ್ನಾಯು ಹರಿದುಕೊಂಡ. ಅವರು ಬಿದ್ದಾಗ ಆ ಜಾಗಕ್ಕೆ ಬರಬೇಕಾದ ಎರಡನೇ ಸಾಲಿನ ಹುಡುಗರು ಇರಲಿಲ್ಲ. ಹುಡುಗರಿಂದ ತುಂಬಿದ ಆ ತಂಡಕ್ಕೆ ಮಾಲೀಕರು 76 ವರ್ಷದ ಟೋನಿ ಲಾ ರೂಸಾ ಅವರನ್ನು ಮ್ಯಾನೇಜರ್ ಆಗಿ ಕರೆತಂದರು. ಲಾ ರೂಸಾ ಮಹಾನುಭಾವರೇ, ಹಾಲ್ ಆಫ್ ಫೇಮ್ ಸೇರಿದವರೇ. ಆದರೆ ಡಗ್‌ಔಟ್ ಬಿಟ್ಟು ಒಂಬತ್ತು ವರ್ಷ ಆಗಿತ್ತು. 1986ರಲ್ಲಿ ಇದೇ ತಂಡ ಅವರನ್ನು ತೆಗೆದುಹಾಕಿತ್ತು, ಮಾಲೀಕರಿಗೆ ಅದರ ಕೊರಗು ಉಳಿದಿತ್ತು. ಕೊರಗು ತೀರಿತು, ತಂಡ ಉದ್ಧಾರ ಆಗಲಿಲ್ಲ.

ನಿನ್ನ ವಾದದಲ್ಲಿ ನನಗೆ ಕಾಣುವ ತೂತು ಇದು. ಯಾರನ್ನು ಮಾರಬೇಕು ಎಂದು ನೀನು ಅರ್ಧ ಗಂಟೆ ಮಾತಾಡುತ್ತೀಯ. ಬಂದ ಹುಡುಗನಿಗೆ ನಮ್ಮ ಮೈನರ್ ಲೀಗ್ ತಂಡವಿರುವ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಲಿಸುವವರು ಯಾರು ಎಂಬ ಮಾತು ಒಮ್ಮೆಯೂ ಬರುವುದಿಲ್ಲ.

ಪಕ್ಕದ ಕಬ್ಸ್‌ನವರನ್ನು ಹೊಗಳುವುದೆಂದರೆ ನನಗೆ ಹಾಗಲಕಾಯಿ ರಸ ಕುಡಿದಷ್ಟು ಸುಖ. ಆದರೂ ಹೇಳುತ್ತೇನೆ. 2012ರಲ್ಲಿ 101 ಪಂದ್ಯ ಸೋತವರು 2016ರಲ್ಲಿ, 1908ರ ನಂತರ ಮೊದಲ ಸಲ, ವರ್ಲ್ಡ್ ಸೀರೀಸ್ ಗೆದ್ದರು. ಎಲ್ಲರೂ ಕ್ರಿಸ್ ಬ್ರಯಂಟ್‌ನನ್ನು ಡ್ರಾಫ್ಟ್‌ನಲ್ಲಿ, ಅಂದರೆ ಎಳೆಯ ಆಟಗಾರರ ವಾರ್ಷಿಕ ಆಯ್ಕೆಯಲ್ಲಿ, ಹಿಡಿದದ್ದನ್ನು ನೆನೆಯುತ್ತಾರೆ. ನಾನು ಜೇಕ್ ಅರಿಯೇಟನನ್ನು ನೆನೆಯುತ್ತೇನೆ. ಬಾಲ್ಟಿಮೋರ್‌ನಲ್ಲಿ ಅವನು ಎಸೆದರೆ ಎದುರಾಳಿಗಳಿಗೆ ಹಬ್ಬ. ಎಸೆಯುವಾಗ ಅವನ ಹೆಜ್ಜೆ ಮೈಗೆ ಅಡ್ಡವಾಗಿ ಬೀಳುತ್ತಿತ್ತು, ಅಲ್ಲಿನವರು ಅದನ್ನು ನೇರ ಮಾಡಲು ಹೊರಟಿದ್ದರು. 2013ರಲ್ಲಿ ಶಿಕಾಗೋಗೆ ಬಂದಾಗ ಇಲ್ಲಿನ ಕೋಚ್‌ಗಳು ಹೇಳಿದ್ದು, ನಿನಗೆ ಹೇಗೆ ಬರುತ್ತೋ ಹಾಗೇ ಎಸಿ. 2015ರಲ್ಲಿ ಅವನಿಗೆ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು. ಕೈ ಅದೇ, ಹೆಜ್ಜೆ ಅದೇ. ಬದಲಾದದ್ದು ನೋಡುವವರ ಕಣ್ಣು.

ಹ್ಯೂಸ್ಟನ್ ಆಸ್ಟ್ರೋಸ್ ಹೆಸರನ್ನಂತೂ ನೀನು ಜಪದ ಹಾಗೆ ಹೇಳುತ್ತೀಯ. 2011ರಿಂದ ಮೂರು ವರ್ಷ ಸಾಲಾಗಿ 106, 107, 111 ಸೋಲು, 2017ರಲ್ಲಿ ಗೆಲುವು. ಸರಿ. ಆ ಗೆಲುವಿನ ವರ್ಷ ಎದುರಾಳಿ ಕ್ಯಾಚರ್‌ನ ಸನ್ನೆಗಳನ್ನು ಕ್ಯಾಮೆರಾದಲ್ಲಿ ಕದ್ದು, ಕಸದ ಡಬ್ಬಿ ಬಡಿದು ಬ್ಯಾಟರ್‌ಗೆ ತಿಳಿಸುತ್ತಿದ್ದರೆಂಬ ಕಳಂಕವನ್ನು ಪಕ್ಕಕ್ಕೇ ಇಡೋಣ. ಸೋಲಿನಿಂದ ಸಿಕ್ಕ 2013ರ ಮೊದಲ ಡ್ರಾಫ್ಟ್ ಆಯ್ಕೆ ಮಾರ್ಕ್ ಅಪೆಲ್ ಹ್ಯೂಸ್ಟನ್ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಆ ಮೂರು ವರ್ಷದ ದುರ್ದೆಸೆ ಶುರುವಾಗುವ ಮೊದಲೇ, ಕುಳ್ಳ ಎಂದು ಬೇರೆಯವರು ತಿರುಗಿಯೂ ನೋಡದ ವೆನೆಜುವೆಲಾದ ಹೋಸೆ ಆಲ್ಟೂವೆಯನ್ನು ಅವರು ಪುಡಿಗಾಸಿಗೆ ಸೇರಿಸಿಕೊಂಡಿದ್ದರು. ಗೆದ್ದ ವರ್ಷ ಲೀಗ್‌ನ ಅತ್ಯಮೂಲ್ಯ ಆಟಗಾರ ಅವನೇ. ಮರಳಿ ಕಟ್ಟುವ ಭರದಲ್ಲಿ ಜೆ.ಡಿ. ಮಾರ್ಟಿನೆಸ್‌ನನ್ನು 2014ರ ಮಾರ್ಚ್‌ನಲ್ಲಿ ಹೊರಗೆ ಹಾಕಿದವರೂ ಇವರೇ. ಚಳಿಗಾಲದಲ್ಲಿ ತನ್ನ ಬ್ಯಾಟ್ ಬೀಸುವ ರೀತಿಯನ್ನೇ ಬದಲಿಸಿಕೊಂಡು ಬಂದಿದ್ದ ಹುಡುಗ. ಸರಿಯಾಗಿ ನೋಡುವ ಪುರಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಅದೇ ವರ್ಷ ಡೆಟ್ರಾಯಿಟ್‌ಗೆ ಹೋಗಿ 23 ಹೋಮ್‌ರನ್ ಬಾರಿಸಿದ.

ಪುಟ್ಟಿ, ನಗಬೇಡ. ನಿನ್ನ ಸರದಿ ಈಗ.

ದುಡ್ಡು ಬಿಚ್ಚಿ ಎದ್ದ ತಂಡಗಳು ಇವೆ, ಒಪ್ಪುತ್ತೇನೆ. ಡೆಟ್ರಾಯಿಟ್ ಟೈಗರ್ಸ್ 2003ರಲ್ಲಿ 119 ಪಂದ್ಯ ಸೋತಿತು. ಮುಂದಿನ ಎರಡು ವರ್ಷಗಳಲ್ಲಿ ಇವಾನ್ ರೊಡ್ರಿಗೆಸ್, ನಮ್ಮವನೇ ಆಗಿದ್ದ ಮಾಗ್ಲಿಯೋ ಓರ್ಡೊನ್ಯೆಸ್, ಇಂಥವರನ್ನು ದುಡ್ಡು ಕೊಟ್ಟು ಕರೆತಂದರು. 2006ರಲ್ಲಿ ವರ್ಲ್ಡ್ ಸೀರೀಸ್ ಆಡಿದರು. ಆದರೆ ನಮ್ಮ ಮಾಲೀಕರ ಕೈ ನಿನಗೂ ಗೊತ್ತು. ಈ ಫ್ರಾಂಚೈಸಿ ಅಷ್ಟು ವರ್ಷದಲ್ಲಿ ಬರೆದ ಅತಿ ದೊಡ್ಡ ಒಪ್ಪಂದ ಆಂಡ್ರೂ ಬೆನಿಂಟೆಂಡಿಗೆ 2022ರ ಕೊನೆಯಲ್ಲಿ ಕೊಟ್ಟದ್ದು, ಐದು ವರ್ಷಕ್ಕೆ 7.5 ಕೋಟಿ ಡಾಲರ್. 2018-19ರ ಚಳಿಗಾಲದಲ್ಲಿ ಮ್ಯಾನಿ ಮಚಾಡೋ ಬೇಕು ಎಂದಾಗ ಇವರು ಮಾಡಿದ್ದೇನು? ಅವನ ಹೆಂಡತಿಯ ಅಣ್ಣನನ್ನೂ ಒಬ್ಬ ಗೆಳೆಯನನ್ನೂ ಮೊದಲು ತಂಡಕ್ಕೆ ಸೇರಿಸಿಕೊಂಡರು, ಸಂಬಂಧಿಕರು ಇದ್ದರೆ ಬರುತ್ತಾನೆ ಎಂಬ ಆಸೆಯಲ್ಲಿ. ಅವನು 30 ಕೋಟಿ ಡಾಲರ್‌ಗೆ ಸ್ಯಾನ್ ಡಿಯಾಗೋಗೆ ಹೋದ. ಬಾವ ಇಲ್ಲೇ ಉಳಿದ.

ಕೊಂಡು ಗೆಲ್ಲುವ ಅವಸರದ ಬೆಲೆಯೂ ಇದೇ ಊರಿನ ಲೆಕ್ಕದ ಪುಸ್ತಕದಲ್ಲಿದೆ. 2016ರ ಜೂನ್‌ನಲ್ಲಿ, ತಂಡ ಇನ್ನೂ ರೇಸಿನಲ್ಲಿದೆ ಎಂಬ ಭ್ರಮೆಯಲ್ಲಿ, ಮೂವತ್ತು ದಾಟಿದ ಜೇಮ್ಸ್ ಶೀಲ್ಡ್ಸ್ ಎಂಬ ಪಿಚರ್‌ನನ್ನು ತಂದರು. ಬದಲಿಗೆ ಹೋದ ಇಬ್ಬರಲ್ಲಿ ಒಬ್ಬ ಹದಿನೇಳರ ಹುಡುಗ, ಇವರ ಯಾವ ತಂಡಕ್ಕೂ ಒಂದು ಪಂದ್ಯ ಆಡದವನು. ಹೆಸರು ಫೆರ್ನಾಂಡೊ ಟಾಟಿಸ್ ಜೂನಿಯರ್. 2021ರಲ್ಲಿ ಅವನು ಸ್ಯಾನ್ ಡಿಯಾಗೋ ಪರವಾಗಿ 42 ಹೋಮ್‌ರನ್ ಹೊಡೆದಾಗ ಈ ಮನೆಯಲ್ಲಿ ಟಿವಿ ಆಫ್ ಮಾಡಿದ್ದು ನಿಮ್ಮ ಅಜ್ಜಿ.

ಬೆಂಗಳೂರಿನ ನಿಮ್ಮ ಅಣ್ಣನಿಗೆ ಇದೆಲ್ಲ ಅರ್ಥವಾಗದ್ದು ಸಹಜ. ಅವನ ಆರ್‌ಸಿಬಿ 2024ರ ನವೆಂಬರ್‌ನಲ್ಲಿ ಜೆಡ್ಡಾದ ಹರಾಜಿಗೆ ಮೂವರನ್ನು ಉಳಿಸಿಕೊಂಡು ಹೋಯಿತು, ಎರಡು ದಿನದಲ್ಲಿ ಹೊಸ ತಂಡ ಕಟ್ಟಿಕೊಂಡು ಬಂತು, ಜೂನ್‌ನಲ್ಲಿ ಕಪ್ ಎತ್ತಿತು. ಇಲ್ಲಿ ಅಂಥ ಹರಾಜಿಲ್ಲ. ಹದಿನೆಂಟರಲ್ಲಿ ಆರಿಸಿಕೊಂಡವನು ಮೇಜರ್ ಲೀಗ್ ಮೆಟ್ಟಿಲು ಹತ್ತಲು ನಾಲ್ಕೈದು ವರ್ಷ ಹಿಡಿಯುತ್ತದೆ. ಬಹಳ ಮಂದಿ ಹತ್ತುವುದೇ ಇಲ್ಲ.

ಇನ್ನೊಂದು ಮಾತು, ಇದು ಇಬ್ಬರಿಗೂ. 2024ರ ಸೆಪ್ಟೆಂಬರ್ 24ರಂದು 35ನೇ ಬೀದಿಯ ಸ್ಟೇಡಿಯಂಗೆ ನನ್ನನ್ನು ಎಳೆದುಕೊಂಡು ಹೋದಿರಲ್ಲ, ಏಕೆ ಹೋದದ್ದು ನೆನಪಿದೆಯೇ? 1962ರ ಮೆಟ್ಸ್ ತಂಡದ 120 ಸೋಲಿಗೆ ನಮ್ಮವರು ಸಮ ಆಗಿದ್ದರು. ಇನ್ನೊಂದು ಸೋತರೆ ಆಧುನಿಕ ಕಾಲದ ಹೊಸ ದಾಖಲೆ. ಅದನ್ನು ಕಣ್ಣಾರೆ ನೋಡಬೇಕು ಎಂದು ಹೋದವರು ನೀವು. ಏಂಜಲ್ಸ್ ಎದುರು ಹಿಂದೆ ಬಿದ್ದಿದ್ದ ನಮ್ಮವರು ಎಂಟನೇ ಇನ್ನಿಂಗ್‌ನಲ್ಲಿ ಮೂರು ರನ್ ಮಾಡಿ 3-2ರಿಂದ ಗೆದ್ದರು. ದೊಡ್ಡವನ ಮುಖ ಬಾಡಿತು. ಆ ಎಂಟನೇ ಇನ್ನಿಂಗ್‌ನಲ್ಲಿ ಡಗ್‌ಔಟ್‌ನ ಕಂಬಿಗೆ ಒರಗಿ ನಿಂತು ಕಿರುಚುತ್ತಿದ್ದ ಹುಡುಗರನ್ನು ನಾನು ನೋಡುತ್ತಿದ್ದೆ. ನೂರಿಪ್ಪತ್ತು ಸಲ ಸೋತವರು ಅವರು. ಆ ಮೂರು ರನ್‌ಗಳಿಂದ ಅವರಿಗೆ ಸಿಗುವುದು ಏನೂ ಇರಲಿಲ್ಲ, ಆದರೂ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಏಂಜಲ್ಸ್ ಎದುರಿನ ಉಳಿದ ಎರಡು ಪಂದ್ಯವನ್ನೂ ಗೆದ್ದರು. 121ನೇ ಸೋಲು ಬಂದದ್ದು ಡೆಟ್ರಾಯಿಟ್‌ನಲ್ಲಿ. ನಿಮ್ಮ ತಂಡ ಸೋಲಲಿ ಎಂದು ಹಾರೈಸುವುದು ನನಗೆ ಹಿಡಿಸುವುದಿಲ್ಲ. ಮುದುಕನ ಹಟ ಅನ್ನಿ ಬೇಕಾದರೆ.

ಸೋತರೆ ಒಳ್ಳೆಯ ಡ್ರಾಫ್ಟ್ ಸಿಗುತ್ತದೆ ತಾತ, ಅನ್ನುತ್ತೀರಿ. ಸಿಕ್ಕಿತೇ? ಮಾಲೀಕರಿಗೂ ಆಟಗಾರರ ಸಂಘಕ್ಕೂ ಆದ 2022ರ ಒಪ್ಪಂದದ ನಂತರ ಮೊದಲ ಆರು ಆಯ್ಕೆಗಳಿಗೆ ಲಾಟರಿ ಎತ್ತುತ್ತಾರೆ. ಅದರ ಮೇಲೆ ಶಿಕಾಗೋದಂಥ ದೊಡ್ಡ ಊರಿನ, ಆದಾಯ ಹಂಚಿಕೆಗೆ ದುಡ್ಡು ಕೊಡುವ ತಂಡ ಎರಡು ವರ್ಷ ಸಾಲಾಗಿ ಆ ಲಾಟರಿಯಲ್ಲಿ ಪಾಲು ಪಡೆಯುವಂತಿಲ್ಲ. 2024ರಲ್ಲಿ ನಮ್ಮವರು ಐದನೆಯ ಆಯ್ಕೆ ಪಡೆದಿದ್ದರು. ಹಾಗಾಗಿ 121 ಸೋತ ತಂಡಕ್ಕೆ 2025ರಲ್ಲಿ ಸಿಕ್ಕಿದ್ದು ಹತ್ತನೆಯ ಜಾಗ. ನಿಯಮ ಮಾಡಿದವರು ಸೋಲಿನ ವ್ಯಾಪಾರ ಮಾಡುವವರಿಗೆಂದೇ ಆ ಬೇಲಿ ಹಾಕಿದ್ದು.

ಹಾಗಾದರೆ ಏನು ಮಾಡಬೇಕು ತಾತ ಎಂದು ಕೇಳುತ್ತೀರಿ. ನಾನು ಜನರಲ್ ಮ್ಯಾನೇಜರ್ ಅಲ್ಲ. ನನಗೆ ಕಾಣುವುದು ಇಷ್ಟು: ಬಂದವನಿಗೆ ಕಲಿಸುವವರು ಯಾರು ಎಂಬುದು ಮೊದಲ ಪ್ರಶ್ನೆ, ಮಾರುವುದೋ ಕೊಳ್ಳುವುದೋ ಎಂಬುದು ಎರಡನೆಯದು. ಗ್ಯಾರೆಟ್ ಕ್ರೋಶೆಯನ್ನೇ ನೋಡಿ. 2020ರಲ್ಲಿ ಇವರೇ ಡ್ರಾಫ್ಟ್ ಮಾಡಿದವನು, 2022ರಲ್ಲಿ ಮೊಣಕೈ ಕೊಯ್ಯಿಸಿಕೊಂಡವನು. 2024ರಲ್ಲಿ, ಅಷ್ಟು ಸೋತ ತಂಡದಲ್ಲಿ ನಿಂತು 146 ಇನ್ನಿಂಗ್‌ಗಳಲ್ಲಿ 209 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಆ ಡಿಸೆಂಬರ್‌ನಲ್ಲಿ ಅವನನ್ನು ಬಾಸ್ಟನ್‌ಗೆ ಕೊಟ್ಟು ಕೈಲ್ ಟೀಲ್ ಎಂಬ ಕ್ಯಾಚರ್ ಸೇರಿ ನಾಲ್ವರನ್ನು ತಂದರು. ಮುಂದಿನ ವರ್ಷ ಕ್ರೋಶೆ 255 ಸ್ಟ್ರೈಕ್‌ಔಟ್ ಮಾಡಿದ, ಟೀಲ್ ಇಲ್ಲಿ ಕ್ಯಾಚರ್ ಜಾಗಕ್ಕೆ ಬಂದ. ಯಾರು ಗೆದ್ದರು ಎಂದು ನೀವಿಬ್ಬರೂ ಈಗಲೇ ತೀರ್ಪು ಕೊಟ್ಟಾಗಿದೆ. ಟೀಲ್ ಹತ್ತು ವರ್ಷ ಆಡುತ್ತಾನೋ ಎರಡು ವರ್ಷವೋ, ಅದು ಅವನ ಮೊಣಕಾಲಿಗೂ ಅವನಿಗೆ ಪಾಠ ಹೇಳುವವರಿಗೂ ಬಿಟ್ಟದ್ದು.

ಅದೇ ಚಳಿಗಾಲದಲ್ಲಿ, ನೀವಿಬ್ಬರೂ ಕ್ರೋಶೆಗಾಗಿ ಗಂಟಲು ಒಣಗಿಸಿಕೊಳ್ಳುತ್ತಿದ್ದಾಗ, ರೂಲ್ 5 ಡ್ರಾಫ್ಟ್‌ನಲ್ಲಿ ಮಿಲ್ವಾಕಿಯ ಮೈನರ್ ಲೀಗ್‌ನಿಂದ ಶೇನ್ ಸ್ಮಿತ್ ಎಂಬ ಪಿಚರ್‌ನನ್ನು ಒಂದು ಲಕ್ಷ ಡಾಲರ್‌ಗೆ ಎತ್ತಿಕೊಂಡರು. ಕಾಲೇಜಿನಿಂದ ಬಂದಾಗ ಯಾರೂ ಡ್ರಾಫ್ಟ್ ಮಾಡದವನು. 2025ರ ಜುಲೈನಲ್ಲಿ ಅವನು ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ. ಅವನ ಹೆಸರು ನಿಮ್ಮ ಜಗಳದಲ್ಲಿ ಒಮ್ಮೆಯೂ ಬಂದಿರಲಿಲ್ಲ, ನನ್ನ ಬಾಯಲ್ಲೂ ಬಂದಿರಲಿಲ್ಲ.

ಆಟಗಾರರ ಬಗ್ಗೆ ಮಾತಾಡುವಾಗ ‘ಆಸ್ತಿ’, ‘ಸರಕು’, ‘ಡಂಪ್ ಮಾಡಿ’ ಎಂಬ ಮಾತು ಬಿಡಿ. ಟ್ರೇಡ್ ಆದ ದಿನ ಆ ಹುಡುಗ ಸಂಜೆಯೊಳಗೆ ಸೂಟ್‌ಕೇಸ್ ತುಂಬಿಸಬೇಕು, ಹೆಂಡತಿ ಬಾಡಿಗೆ ಮನೆ ಖಾಲಿ ಮಾಡಬೇಕು. ಎರಡು ಸೂಟ್‌ಕೇಸ್ ಹಿಡಿದು ಈ ಊರಿಗೆ ಬಂದವರ ಮೊಮ್ಮಕ್ಕಳು ನೀವು. ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಟ ಕೆಟ್ಟದಾಗಿ ಆಡಿದ ರಾತ್ರಿ ಅವನ ಫೋನಿಗೆ ಬೈಗುಳ ಕಳಿಸುವವರ ಸಾಲಿಗಂತೂ ಸೇರಲೇಬೇಡಿ. ಮಾಲೀಕರನ್ನು ಬೈಯಿರಿ, ಬೇಡ ಅನ್ನುವುದಿಲ್ಲ. ತಂಡ ಮಾರಿ ಎಂದು ಸ್ಟೇಡಿಯಂನಲ್ಲಿ ಕೂಗು ಎದ್ದಾಗ ನನ್ನ ದನಿಯೂ ಸ್ವಲ್ಪ ಸೇರಿತ್ತು.

ಏಪ್ರಿಲ್‌ನಲ್ಲಿ ಸೀಸನ್ ಶುರುವಾದಾಗ ಒಂದು ಕೆಲಸ ಮಾಡಿ. ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ತಂಡದ ಪಟ್ಟಿ ತೆಗೆದು ಇಬ್ಬರೂ ಒಬ್ಬೊಬ್ಬ ಹುಡುಗನನ್ನು ಆರಿಸಿಕೊಳ್ಳಿ. ಪಟ್ಟಿಯ ತುದಿಯಲ್ಲಿರುವವನು ಬೇಡ, ನಡುವಿನವನು ಇರಲಿ. ಅವನ ಆಟವನ್ನು ಸೆಪ್ಟೆಂಬರ್‌ವರೆಗೆ ಬಿಡದೆ ನೋಡಿ. ಪ್ರತಿ ಭಾನುವಾರ ನನಗೆ ಫೋನ್ ಮಾಡಿ, ಅವನ ಸರಾಸರಿ ಎಷ್ಟು ಎಂದು ಹೇಳಬೇಡಿ. ಮೇ ತಿಂಗಳಲ್ಲಿ ಬಿಡಲಾಗದೆ ಬ್ಯಾಟ್ ಬೀಸುತ್ತಿದ್ದ ಹೊರಗಿನ ಸ್ಲೈಡರ್ ಎಸೆತವನ್ನು ಆಗಸ್ಟ್‌ನಲ್ಲಿ ಬಿಡಲು ಕಲಿತನೇ, ಅಷ್ಟು ಹೇಳಿ. ಮಾರುವ ಕೊಳ್ಳುವ ಮಾತನ್ನು ಅಕ್ಟೋಬರ್‌ನಲ್ಲಿ ಆಡೋಣ. ಆಗ ನಾನೂ ಒಂದು ಪಕ್ಷ ಹಿಡಿಯುತ್ತೇನೆ.