ಮಾತಿನ ಧಾಟಿ ಮತ್ತು ಓದುವವರ ಭಾವ

ಹೋದ ಸಂಚಿಕೆಯಲ್ಲಿ ನಮ್ಮ ತರಗತಿಯವರು ಎರೆಹುಳುವಿನ ಬಗ್ಗೆ ಮತ್ತು ಗ್ರಹಣದ ಬಗ್ಗೆ ಬರೆದಿದ್ದರು. ಈ ಸಲ ನಾನು ಕನ್ನಡ ವಿಷಯದಿಂದ ಒಂದನ್ನು ಆರಿಸಿಕೊಂಡಿದ್ದೇನೆ. ಇದು ಪರೀಕ್ಷೆಗೂ ಬೇಕು, ಮನೆಗೂ ಬೇಕು.

ಪ್ರಶ್ನೆಪತ್ರಿಕೆಯಲ್ಲಿ 'ಪದ್ಯದ ಸಾರಾಂಶ ಬರೆಯಿರಿ' ಎಂದೂ ಕೇಳುತ್ತಾರೆ, 'ಭಾವಾರ್ಥ ಬರೆಯಿರಿ' ಎಂದೂ ಕೇಳುತ್ತಾರೆ. ಬಹಳ ಜನ ಎರಡಕ್ಕೂ ಒಂದೇ ಉತ್ತರ ಬರೆದು ಬರುತ್ತಾರೆ. ಪದ್ಯದಲ್ಲಿ ಏನೇನಾಯಿತು ಎಂದು ಹೇಳುವುದು ಸಾರಾಂಶ. ಆದರೆ ಭಾವಾರ್ಥದಲ್ಲಿ 'ಭಾವ' ಅಂತ ಒಂದು ಮಾತು ಕೂತಿದೆಯಲ್ಲ, ಅದು ಸುಮ್ಮನೆ ಕೂತಿಲ್ಲ.

ಮೊದಲು ಎರಡು ಮಾತುಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ. ಹೇಳುವವರು ತಾವು ಹೇಳುವ ವಿಷಯವನ್ನು ಪ್ರೀತಿಯಿಂದ ನೋಡುತ್ತಾರೋ, ಸಿಟ್ಟಿನಿಂದಲೋ, ಗೇಲಿಯಿಂದಲೋ, ಅದು ಮಾತಿನ ಧಾಟಿ. ಅದನ್ನು ಓದಿದಾಗ ನಮ್ಮ ಮನಸ್ಸಿನಲ್ಲಿ ಹುಟ್ಟುವುದು ಭಾವ. ಧಾಟಿ ಹೇಳುವವರ ಕಡೆಯದು, ಭಾವ ಕೇಳುವವರ ಕಡೆಯದು. ಹಾಡಿಗೆ ಧಾಟಿ ಇರುತ್ತೆ ಅಂತ ಎಲ್ಲರಿಗೂ ಗೊತ್ತು. ಭಜನೆಯವರು 'ಆ ಧಾಟೀಲಿ ಎತ್ಕೊಳಪ್ಪ' ಅಂತಾರೆ. ಬರೀ ಮಾತಿಗೂ ಇರುತ್ತೆ. ಅಪ್ಪ 'ಆಯ್ತು ಬಿಡು' ಅನ್ನುವುದನ್ನೇ ತೆಗೆದುಕೊಳ್ಳಿ. ಜಾತ್ರೆಗೆ ಹೋಗ್ತೀನಿ ಅಂದಾಗ 'ಆಯ್ತು ಬಿಡು' ಅಂದರೆ ಒಪ್ಪಿಗೆ. ತಂಗಿ ಲೋಟ ಒಡೆದು ಅಳುತ್ತಾ ನಿಂತಾಗ ಅಂದರೆ ಸಮಾಧಾನ. ಬದುವಿನ ವಿಚಾರಕ್ಕೆ ಪಕ್ಕದ ಹೊಲದವರ ಜೊತೆ ಮಾತಿಗೆ ಮಾತು ಬೆಳೆದಾಗ ಅಂದರೆ, ಇನ್ನು ನಿನ್ನ ಹತ್ತಿರ ಮಾತಿಲ್ಲ ಅಂತ. ಅಕ್ಷರ ಅವೇ ನಾಲ್ಕು.

ಎದುರಿಗೆ ಮಾತಾಡುವಾಗ ಗಂಟಲು, ಹುಬ್ಬು, ಕೈ ಎಲ್ಲಾ ಸೇರಿ ಧಾಟಿಯನ್ನು ತೋರಿಸಿಕೊಡುತ್ತವೆ. ಕಾಗದದ ಮೇಲೆ ಇವು ಯಾವುವೂ ಇಲ್ಲ. ಹಾಗಾದರೆ ಅಲ್ಲಿ ಧಾಟಿ ಎಲ್ಲಿರುತ್ತೆ? ಇದನ್ನು ತಿಳಿಯಲು ನಾನೇ ಒಂದು ಸಂಗತಿಯನ್ನು ಮೂರು ಥರ ಬರೆದು ನೋಡಿದೆ. ಸಂಗತಿ ಇಷ್ಟೇ: ಊರ ಕೆರೆ ತುಂಬಿತು.

ಒಂದನೆಯದು: 'ದಿನಾಂಕ 14ರಂದು ಬೆಳಿಗ್ಗೆ ಕೆರೆಯು ಪೂರ್ಣ ಮಟ್ಟವನ್ನು ತಲುಪಿದ್ದು, ಕೋಡಿಯಲ್ಲಿ ನೀರು ಹರಿಯುತ್ತಿರುತ್ತದೆ. ಸಾರ್ವಜನಿಕರು ಏರಿಯ ಮೇಲೆ ಸಂಚರಿಸಬಾರದು.'

ಎರಡನೆಯದು: 'ಬಿತ್ತು ಕಣ್ರಪ್ಪೋ ಕೋಡಿ! ಎಂಟು ವರ್ಷ ಆಗಿತ್ತು ಈ ಸದ್ದು ಕೇಳಿ. ಓಡ್ರೋ, ಹೂವು ಹಣ್ಣು ತಗೊಂಡು ಬನ್ರೋ.'

ಮೂರನೆಯದು: 'ಕೆರೆ ತುಂಬಿತು. ಎಲ್ಲರೂ ನೋಡಲು ಹೋದರು. ಅವಳು ಕಿಟಕಿ ಹಾಕಿಕೊಂಡಳು. ಅವಳ ಮಗನ ಚಪ್ಪಲಿ ಇನ್ನೂ ಬಾಗಿಲ ಹಿಂದೆಯೇ ಇತ್ತು.'

ಮೊದಲನೆಯದರಲ್ಲಿ ಹೇಳುವ ಮನುಷ್ಯನೇ ಕಾಣುವುದಿಲ್ಲ. 'ಹರಿಯುತ್ತಿರುತ್ತದೆ' ಅಂತ ಮನೆಯಲ್ಲಿ ಯಾರಾದರೂ ಅಂತಾರಾ? ಎರಡನೆಯದರಲ್ಲಿ ಓಡುತ್ತಾ ಕೂಗುವ ಹಾಗಿದೆ. ಮೂರನೆಯದನ್ನು ನನ್ನ ಪಕ್ಕ ಕೂರುವ ಗೆಳತಿಗೆ ತೋರಿಸಿದೆ. ಅವಳು ಓದಿ, ಸ್ವಲ್ಪ ಹೊತ್ತು ಬಿಟ್ಟು, 'ಮಗ ಕೆರೇಲಿ ಹೋಗ್ಬಿಟ್ನೇನೆ?' ಅಂದಳು. ನಾನು ಅದನ್ನು ಬರೆದೇ ಇಲ್ಲ. ದುಃಖ ಅಂತ ಬರೆದಿಲ್ಲ, ಕಣ್ಣೀರು ಅಂತ ಬರೆದಿಲ್ಲ. ಚಪ್ಪಲಿ ಅಂತ ಮಾತ್ರ ಬರೆದೆ. ಅಂದರೆ ಧಾಟಿಯು ಯಾವ ಮಾತನ್ನು ಆರಿಸಿಕೊಂಡರು, ವಾಕ್ಯ ಉದ್ದವೋ ಮೋಟೋ, ಇವುಗಳಲ್ಲಿ ಇರುತ್ತದೆ. ಯಾವುದನ್ನು ಹೇಳದೆ ಬಿಟ್ಟರು ಅನ್ನುವುದರಲ್ಲಿ ಇನ್ನೂ ಹೆಚ್ಚು ಇರುತ್ತದೆ ಅಂತ ನನಗೆ ಅನ್ನಿಸುತ್ತದೆ.

ಕೆರೆಯ ಮಾತು ಬಂದ ಮೇಲೆ 'ಕೆರೆಗೆ ಹಾರ'ವನ್ನು ಬಿಡುವಂತಿಲ್ಲ. ಇದು ಉತ್ತರ ಕರ್ನಾಟಕದ ಕಡೆಯ ಜನಪದ ಕಥನಗೀತೆ. ಇದನ್ನು ಕಟ್ಟಿದವರ ಹೆಸರು ತಿಳಿದಿಲ್ಲ, ಬಾಯಿಂದ ಬಾಯಿಗೆ ಬಂದದ್ದು. ನಮ್ಮ ಕನ್ನಡ ಮೇಷ್ಟ್ರು ಒಂದು ಶನಿವಾರ ಇದನ್ನು ಪೂರ್ತಿ ಹಾಡಿದರು. ಕೇಳದವರಿಗಾಗಿ ಕಥೆ ಹೇಳುತ್ತೇನೆ.

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ನೀರು ಬರುವುದಿಲ್ಲ. ಶಾಸ್ತ್ರ ಕೇಳಿದರೆ ಸೊಸೆಯನ್ನು ಬಲಿ ಕೊಡಬೇಕು ಅಂತ ಬರುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಕುಂದು ಅಂತ ಲೆಕ್ಕ ಹಾಕಿ, ಕಿರಿಸೊಸೆ ಭಾಗೀರಥಿಯನ್ನು ಗೊತ್ತು ಮಾಡುತ್ತಾರೆ. ಅವಳ ಗಂಡ ಮಾದೇವರಾಯ ದಂಡಿನಲ್ಲಿ ಇದ್ದಾನೆ. ವಿಷಯ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ. ಮುಖ ಯಾಕೆ ಬಾಡಿದೆ ಅಂತ ಅಪ್ಪ ಕೇಳಿದರೆ, ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಅನ್ನುತ್ತಾಳೆ. ಅಷ್ಟೇ ತಾನೇ, ಹೊಲ ಮನೆ ನಾನು ಕೊಡುತ್ತೇನೆ ಅಂತ ಅಪ್ಪ ಧೈರ್ಯ ಹೇಳುತ್ತಾನೆ. ನಿಜವನ್ನು ಅವಳು ಹೇಳುವುದು ಗೆಳತಿಗೆ ಮಾತ್ರ. ಆಮೇಲೆ ಗಂಡನ ಮನೆಗೆ ವಾಪಸು ಬರುತ್ತಾಳೆ. ಅಡುಗೆಯಾಗುತ್ತದೆ, ಎಲ್ಲರೂ ಕೆರೆಗೆ ಗಂಗೆಪೂಜೆಗೆ ಹೋಗುತ್ತಾರೆ. ತಿರುಗಿ ಬರುವಾಗ ಬಂಗಾರದ ಬಟ್ಟಲು ಅಲ್ಲೇ ಉಳಿಯಿತು ಅಂತ ಭಾಗೀರಥಿ ತರಲು ಹೋಗುತ್ತಾಳೆ. ಅವಳು ಮೆಟ್ಟಿಲು ಹತ್ತುತ್ತಿದ್ದ ಹಾಗೆ ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ.

ಈಗ ಧಾಟಿ ನೋಡೋಣ. ಹಾಡಿನಲ್ಲಿ ಹೇಳುವವರು ಮಲ್ಲನಗೌಡನನ್ನು ಪಾಪಿ ಅಂತ ಬೈಯುವುದಿಲ್ಲ. ಅಯ್ಯಯ್ಯೋ ಅಂತ ಗೋಳಾಡುವುದೂ ಇಲ್ಲ. ಅಕ್ಕಿ ತೊಳೆದದ್ದನ್ನು ಯಾವ ಥರ ಹೇಳುತ್ತಾರೋ ನೀರು ಏರಿದ್ದನ್ನೂ ಅದೇ ಥರ, ಒಂದಾದ ಮೇಲೆ ಒಂದು, ಸಮಾಧಾನವಾಗಿ ಹೇಳಿಕೊಂಡು ಹೋಗುತ್ತಾರೆ. ಧಾಟಿ ತಣ್ಣಗಿದೆ. ಆದರೆ ಮೇಷ್ಟ್ರು ಹಾಡಿ ಮುಗಿಸಿದಾಗ ನಮ್ಮ ಕೊಠಡಿಯಲ್ಲಿ ಒಬ್ಬರೂ ಅಲುಗಾಡಲಿಲ್ಲ. ಭಾವ ತಣ್ಣಗಿರಲಿಲ್ಲ! ಧಾಟಿ ಬೇರೆ, ಭಾವ ಬೇರೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಹಾಡುವವರೇ ಅತ್ತುಬಿಟ್ಟಿದ್ದರೆ ನಾವು ಅವರ ಅಳು ನೋಡುತ್ತಾ ಕೂರುತ್ತಿದ್ದೆವೇನೋ. ಅವರು ಅಳಲಿಲ್ಲ, ಅದಕ್ಕೇ ಆ ಕೆಲಸ ನಮಗೆ ಬಿತ್ತು.

ತವರುಮನೆಯ ಭಾಗವನ್ನೂ ನೋಡಿ. ಭಾಗೀರಥಿ ಹೇಳುವುದು ಸುಳ್ಳು ಅಂತ ನಮಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ. ಅಪ್ಪ ಪ್ರೀತಿಯಿಂದ ಹೊಲ ಕೊಡುತ್ತೇನೆ ಅಂದಷ್ಟೂ ನಮಗೆ ಸಂಕಟ ಜಾಸ್ತಿ ಆಗುತ್ತದೆ.

ಹಾಡು ಮುಗಿದ ಮೇಲೆ ತರಗತಿಯಲ್ಲಿ ಒಂದು ವಾದ ಬಂತು. ಒಬ್ಬ ಹುಡುಗ ಎದ್ದು, 'ಸಾರ್, ಊರಿಗೋಸ್ಕರ ಪ್ರಾಣ ಕೊಟ್ಟ ಸೊಸೆಯನ್ನ ಹೊಗಳೋ ಹಾಡು ಇದು' ಅಂದ. ಹಿಂದಿನ ಬೆಂಚಿನಿಂದ ಒಬ್ಬಳು, 'ಅವಳು ಎಲ್ಲಿ ಕೊಟ್ಟಳು? ಇವರು ಕೊಟ್ಟರು' ಅಂದಳು. ಮೇಷ್ಟ್ರು ಯಾರು ಸರಿ ಅಂತ ಹೇಳದೆ, ಹಾಡಿನಲ್ಲೇ ಹುಡುಕಿ ಅಂದರು. ನಾನು ಹುಡುಕಿದ್ದು ಇದು. ಕೆರೆಗೆ ನೀರು ಬಂತು, ಊರು ತಣ್ಣಗಾಯಿತು ಅಂತ ಅಲ್ಲಿಗೇ ಮುಗಿಸಬಹುದಿತ್ತು. ಹಾಡು ಅಲ್ಲಿ ಮುಗಿಯುವುದಿಲ್ಲ. ದಂಡಿನಲ್ಲಿದ್ದ ಮಾದೇವರಾಯನಿಗೆ ಕೆಟ್ಟ ಕನಸು ಬೀಳುತ್ತದೆ. ಕುದುರೆ ಹತ್ತಿ ಬರುತ್ತಾನೆ. ಮನೆಯಲ್ಲಿ ಕೇಳಿದರೆ ತವರಿಗೆ ಹೋದಳು ಅನ್ನುತ್ತಾರೆ, ತವರಿನಲ್ಲಿ ಕೇಳಿದರೆ ಗೆಳತಿಯ ಮನೆ ತೋರಿಸುತ್ತಾರೆ. ಗೆಳತಿ ನಿಜ ಹೇಳುತ್ತಾಳೆ. ಅವನು ಕೆರೆಯ ಬಳಿಗೆ ಬಂದು ಅದೇ ನೀರಿಗೆ ಹಾರುತ್ತಾನೆ. ಬಲಿಯನ್ನು ಹೊಗಳುವ ಹಾಡಾಗಿದ್ದರೆ ಈ ಎರಡನೆಯ ಸಾವು ಯಾಕೆ ಬೇಕಿತ್ತು? ಒಂದೂ ಬಿರುಸು ಮಾತಾಡದ ಹಾಡು ಕಡೆಯಲ್ಲಿ ಆ ಮನೆಯವರ ಕೈಯಲ್ಲಿ ಏನು ಇಟ್ಟಿತು ನೋಡಿ. ಹಾಗಾಗಿ ನನ್ನ ಓಟು ಹಿಂದಿನ ಬೆಂಚಿಗೆ. ಧಾಟಿಯನ್ನು ಸರಿಯಾಗಿ ಹಿಡಿಯದಿದ್ದರೆ ಒಂದು ಹಾಡು ತಿರುಗುಮುರುಗಾಗಿ, ಸೊಸೆಯನ್ನು ಕೆರೆಗೆ ಕೊಟ್ಟದ್ದೇ ಸರಿ ಅಂತ ಹೇಳಿದ ಹಾಗೆ ಆಗಿಬಿಡುತ್ತದೆ. ಹೆಣ್ಣುಮಕ್ಕಳಾದ ನಮಗೆ ಇದು ಸಣ್ಣ ವಿಷಯ ಅಲ್ಲ.

ಪುಣ್ಯಕೋಟಿಯ ಹಾಡೂ ಹೀಗೆಯೇ ಸರಳ ಧಾಟಿಯಲ್ಲಿದೆ. ಅಲ್ಲಿಯೂ ಕಡೆಯಲ್ಲಿ ಹುಲಿ ಹಾರಿ ಪ್ರಾಣ ಬಿಡುತ್ತದೆ. ಆದರೆ ಕೇಳಿದವರಿಗೆ ಹಸು ಕರುವಿನ ಹತ್ತಿರ ಹೋಯಿತಲ್ಲ ಎಂಬ ನೆಮ್ಮದಿಯೂ ಇರುತ್ತದೆ. ಧಾಟಿ ಹತ್ತಿರ ಹತ್ತಿರ, ಭಾವ ದೂರ ದೂರ.

ಭಾವಗಳಿಗೆ ಹಿಂದಿನವರೇ ಹೆಸರಿಟ್ಟಿದ್ದಾರೆ. ಭರತಮುನಿಯ 'ನಾಟ್ಯಶಾಸ್ತ್ರ'ದಲ್ಲಿ ಎಂಟು ರಸಗಳು ಇದ್ದವು, ಶಾಂತರಸ ಆಮೇಲೆ ಸೇರಿ ಒಂಬತ್ತಾಯಿತು. ಈ ಪಟ್ಟಿ ನಮ್ಮ ವ್ಯಾಕರಣ ಪುಸ್ತಕದ ಕೊನೆಯಲ್ಲಿದೆ, ಅದನ್ನು ನೋಡಿಕೊಳ್ಳಿ.

ಇನ್ನೊಂದು ಎಚ್ಚರ. ಪದ್ಯದಲ್ಲಿ 'ನಾನು' ಅಂತ ಬಂದಾಕ್ಷಣ ಅದು ಕವಿಯೇ ಅಂತ ತಿಳಿಯಬಾರದು. ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ಪುಸ್ತಕದಲ್ಲಿ ಮಾತಾಡುವವನು ರತ್ನ ಎಂಬ ಕುಡುಕ, ಭಾಷೆಯೂ ಅವನ ಬಾಯಿಯದೇ. ರಾಜರತ್ನಂ ಅವರೋ ಕನ್ನಡ ಪಾಠ ಹೇಳುವ ಮೇಷ್ಟ್ರು, ನಮ್ಮಂಥ ಮಕ್ಕಳಿಗೆ ಪದ್ಯ ಬರೆದವರು. ಧಾಟಿ ಯಾರದು ಅಂತ ಮೊದಲು ಕೇಳಿಕೊಳ್ಳಬೇಕು.

ಈಗ ಮನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಅಜ್ಜಿಗೆ ಓದು ಬರುವುದಿಲ್ಲ. ಅವಳ ಟ್ರಂಕಿನಲ್ಲಿ ಚಿಕ್ಕಪ್ಪ ಬರೆದ ಹಳೆಯ ಇನ್‌ಲ್ಯಾಂಡ್ ಕಾಗದಗಳು ಇವೆ. ಚಿಕ್ಕಪ್ಪ ಆಗ ಮುಂಬಯಿಯಲ್ಲಿ ಹೋಟೆಲ್ ಕೆಲಸಕ್ಕೆ ಇದ್ದರು. ಅಜ್ಜಿ ಈಗಲೂ ಬೊಂಬಾಯಿ ಅಂತಲೇ ಅನ್ನುತ್ತಾಳೆ. ಎಲ್ಲಾ ಕಾಗದಗಳೂ 'ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ' ಅಂತಲೇ ಶುರುವಾಗುತ್ತವೆ. 1996ರ ಒಂದು ಕಾಗದ ಮಾತ್ರ ಐದೇ ಸಾಲಿದೆ. ಕ್ಷೇಮ, ಕೆಲಸ ಚೆನ್ನಾಗಿದೆ, ಮುಂದಿನ ತಿಂಗಳು ದುಡ್ಡು ಕಳಿಸುತ್ತೇನೆ, ಇಷ್ಟೇ. ಅದನ್ನು ಅವತ್ತು ಪಕ್ಕದ ಮನೆಯವರು ಗಟ್ಟಿಯಾಗಿ ಖುಷಿಯಿಂದ ಓದಿ ಹೇಳಿದರಂತೆ. ಅಜ್ಜಿ ಕೇಳಿಸಿಕೊಂಡು, 'ಅವ್ನು ಹಸಿನ್ ವಿಚಾರ್ಸಿಲ್ಲ. ಹಸ ಗಬ್ಬವಾಗಿರೋದು ಅವ್ನಿಗೆ ಗೊತ್ತೈತೆ, ಈದಿತಾ ಅಂತ ಕೇಳಿಲ್ಲ. ಅವ್ನಿಗೆ ಹುಸಾರಿಲ್ಲ' ಅಂದಳಂತೆ. ತಾತ ಮಾರನೆಯ ದಿನವೇ ರೈಲು ಹತ್ತಿದರು. ಹೋಗಿ ನೋಡಿದರೆ ಚಿಕ್ಕಪ್ಪ ಕಾಮಾಲೆಯಾಗಿ ಮಲಗಿದ್ದರು.

ನಾನು ಆ ಕಾಗದವನ್ನು ಮೂರು ಸಲ ಓದಿದ್ದೇನೆ. ಅದರಲ್ಲಿ ಕಾಯಿಲೆಯ ಒಂದು ಅಕ್ಷರವೂ ಇಲ್ಲ. 9ನೇ ಶತಮಾನದ 'ಕವಿರಾಜಮಾರ್ಗ' ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. ಈ ನಾಡಿನ ಜನ ಓದಿ ಕಲಿಯದೆ ಇದ್ದರೂ ಕಾವ್ಯದ ಒಳಗನ್ನು ಬಲ್ಲವರು ಅಂತ ಅದರಲ್ಲಿ ಹೊಗಳಿದೆ. ಅದನ್ನು ಮೇಷ್ಟ್ರು ಹೇಳಿದಾಗ ನನಗೆ ಅಜ್ಜಿಯ ನೆನಪಾಯಿತು.

ಈಗ ಕಾಗದ ಬರೆಯುವವರು ಕಡಿಮೆ, ಎಲ್ಲಾ ಮೊಬೈಲಿನಲ್ಲಿ ಮೆಸೇಜು. ನಮ್ಮ ಬೀದಿಯಲ್ಲಿ ಓದು ಬಾರದವರಿಗೆ ನಾವು ಶಾಲೆಯ ಮಕ್ಕಳೇ ಓದಿ ಹೇಳುತ್ತೇವೆ. ಇಲ್ಲಿ ಒಂದು ತೊಂದರೆ ಇದೆ. ಬರೆದವರ ಧಾಟಿ ಗೊತ್ತಾಗದಿದ್ದರೆ ಓದುವವರು ತಮ್ಮ ಧಾಟಿಯನ್ನೇ ಸೇರಿಸಿಬಿಡುತ್ತಾರೆ. ಒಬ್ಬ ದೊಡ್ಡಮ್ಮನಿಗೂ ಅವರ ದೊಡ್ಡ ಮಗನಿಗೂ ಆಸ್ತಿ ಭಾಗದ ವಿಷಯಕ್ಕೆ ಮನಸ್ತಾಪವಾಗಿ ಮಾತು ನಿಂತಿತ್ತು. ಗೌರಿ ಹಬ್ಬಕ್ಕೆ ಮುಂಚೆ ಅವನಿಂದ ಮೆಸೇಜು ಬಂತು. 'ಅವ್ವ ಈ ಸಲ ಹಬ್ಬಕ್ಕೆ ಬರಕ್ಕಾಗಲ್ಲ ಕಾಯಬೇಡ ಅವ್ವ'. ಇದನ್ನು ಗಂಟಲು ಬಿಗಿಮಾಡಿ ಓದಿದರೆ ಜಗಳ, ಮೆತ್ತಗೆ ಓದಿದರೆ ಬೇಜಾರು. ನಾನು ಯಾವುದನ್ನೂ ಸೇರಿಸದೆ, ಬಾಯಿಪಾಠದ ಮಗ್ಗಿಯ ಹಾಗೆ ಎರಡು ಸಲ ಓದಿದೆ. ದೊಡ್ಡಮ್ಮ, 'ಯೆಂಗ್ ಬರ್ದವ್ನೆ ಮಗ, ಕ್ವಾಪದಾಗಾ?' ಅಂದರು. ನಾನು, 'ಗೊತ್ತಾಗಲ್ಲ ದೊಡ್ಡಮ್ಮ. ಒಂದೇ ಸಾಲು ಐತೆ. ಅದ್ರಲ್ಲಿ ಎರಡು ಸಲ ಅವ್ವ ಅಂತ ಐತೆ' ಅಂದೆ. ಅವರು ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, 'ನಂಬರ್ ಒತ್ತಿ ಕೊಡು' ಅಂದರು. ಒತ್ತಿ ಕೊಟ್ಟು ನಾನು ಹೊರಗೆ ಬಂದೆ.

ಸ್ನೇಹಿತರೇ, ಈಗ ನಿಮಗೊಂದು ಕೆಲಸ. ಕೆಳಗಿನ ಎರಡು ಬರಹಗಳಲ್ಲಿ ಸಂಗತಿ ಒಂದೇ, ಧಾಟಿ ಬೇರೆ. ಯಾವುದರ ಧಾಟಿ ಯಾವುದು, ಯಾವ ಮಾತಿನಿಂದ ಗೊತ್ತಾಯಿತು ಅಂತ ಚೀಟಿಯಲ್ಲಿ ಬರೆದು ಭಿತ್ತಿಪತ್ರಿಕೆಯ ಪಕ್ಕದ ಡಬ್ಬಿಗೆ ಹಾಕಿ. ಆರನೇ ತರಗತಿಯವರೂ ಬರೆಯಬಹುದು.

1. ಅಣ್ಣ ಊರಿಂದ ಬಂದ. ಬ್ಯಾಗನ್ನು ಬಾಗಿಲಲ್ಲೇ ಇಟ್ಟು ಮೊದಲು ಕೊಟ್ಟಿಗೆಗೆ ಹೋದ.

2. ಅಣ್ಣನವರು ಊರಿಂದ ದಯಮಾಡಿಸಿದರು. ಬ್ಯಾಗನ್ನು ಬಾಗಿಲಲ್ಲೇ ಎಸೆದರು, ನಾವೆಲ್ಲ ಎತ್ತಿಡಲು ಇದ್ದೇವಲ್ಲ!