ಇಸ್ಲಾಂ ಧರ್ಮದ ಪಂಚಸ್ತಂಭಗಳು

ಕಮಠಾಣದಿಂದ ಬೀದರಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾವನ್ನು ಕಂಡು ಬೆರಗಾಗುತ್ತಾರೆ. ಆದರೆ ಅದನ್ನು ಕಟ್ಟಿಸಿದವನ ಧರ್ಮದ ತಿರುಳೇನೆಂದು ಕೇಳಿದರೆ ಉತ್ತರಿಸುವವರು ವಿರಳ. ನೆರೆಯವರ ನಂಬುಗೆಯನ್ನು ಅರಿಯುವುದೂ ವಿದ್ಯೆಯ ಅಂಗವೇ ಆಗಿದೆ.

‘ಇಸ್ಲಾಂ’ ಎಂಬ ಅರಬ್ಬೀ ಪದಕ್ಕೆ ದೇವರಿಗೆ ಶರಣಾಗುವುದು ಎಂದರ್ಥ. ಅಲ್ಲಾಹನು ಒಬ್ಬನೇ, ಮುಹಮ್ಮದರು ಆತನ ಪ್ರವಾದಿಗಳು ಎಂಬ ಸಾಕ್ಷ್ಯವಚನವೇ ಮೊದಲ ಸ್ತಂಭ. ದಿನಕ್ಕೆ ಐದು ಹೊತ್ತಿನ ನಮಾಜು ಎರಡನೆಯದು. ಜಕಾತು, ರಮಜಾನ್ ತಿಂಗಳ ಹಗಲಿನ ಉಪವಾಸವಾದ ರೋಜಾ, ಶಕ್ತರಾದವರು ಜೀವಿತದಲ್ಲಿ ಒಮ್ಮೆ ಕೈಕೊಳ್ಳಬೇಕಾದ ಮಕ್ಕಾದ ಹಜ್ ಯಾತ್ರೆ—ಇವು ಉಳಿದ ಮೂರು.

ಇವುಗಳಲ್ಲಿ ಜಕಾತು ವಿಶೇಷವಾಗಿ ವಿಚಾರಾರ್ಹ. ನಿಯತ ಮಿತಿಯನ್ನು ಮೀರಿ ವರ್ಷವಿಡೀ ಉಳಿದ ಹಣ, ಬೆಳ್ಳಿ, ಬಂಗಾರಗಳಲ್ಲಿ ನಲವತ್ತರಲ್ಲೊಂದು ಪಾಲು ಬಡವರಿಗೆ, ಸಾಲಕ್ಕೆ ಸಿಕ್ಕವರಿಗೆ ಸಲ್ಲಬೇಕು. ಅದು ಕೊಡುವವನ ಕೃಪೆಯಲ್ಲ, ಪಡೆಯುವವನ ಹಕ್ಕು. ನಮ್ಮ ದಾಸೋಹವು ಹೀಗೆ ಲೆಕ್ಕಕ್ಕೆ ಒಳಪಟ್ಟುದಲ್ಲ. ಕಾಯಕದ ಫಲವನ್ನು ಜಂಗಮಕ್ಕೆ ಅರ್ಪಿಸುವ ಭಾವವದು. ತತ್ತ್ವಗಳು ಬೇರೆ, ಆದರೆ ‘ನಾನು ಕೊಟ್ಟೆ’ ಎಂಬ ಅಹಂಕಾರಕ್ಕೆ ಎರಡರಲ್ಲಿಯೂ ಎಡೆಯಿಲ್ಲ.

ಬೀದರಕ್ಕೆ ಸಮೀಪದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಹಾನ (ಮರಣ 1436) ಸಮಾಧಿಯಿದೆ. ಮುಸಲ್ಮಾನರು ಆತನನ್ನು ವಲಿಯೆಂದೂ ಲಿಂಗಾಯತ ಭಕ್ತರು ಅಲ್ಲಮಪ್ರಭುವೆಂದೂ ಭಾವಿಸುತ್ತಾರೆ. ವರ್ಷದ ಉರುಸಿಗೆ ಜಂಗಮರು ಮೆರವಣಿಗೆಯಲ್ಲಿ ಬರುತ್ತಾರೆ. ಹೀಗೆ ಕೂಡಿ ನಡೆಯುವ ಜನರು ಒಬ್ಬರ ಧರ್ಮವನ್ನೊಬ್ಬರು ಅರಿತು ನಡೆದರೆ ಆ ಕೂಟಕ್ಕೆ ಅರ್ಥ ಬರುತ್ತದೆ. ಆ ಅರಿವನ್ನು ಕೊಡುವುದು ಶಾಲೆಯ ಹೊಣೆ.