ಹಸಿ ಆಹಾರ: ನಾಯಿಯ ಬಟ್ಟಲಿಗೆ ಎಷ್ಟು, ನಿಮ್ಮ ತಟ್ಟೆಗೆ ಎಷ್ಟು?

ಮನೆಯಲ್ಲಿ ಒಬ್ಬರು ಪ್ಯಾಕೆಟ್ ತಿಂಡಿ ಬಿಟ್ಟು ಮೊಳಕೆಕಾಳು, ಹಸಿ ತರಕಾರಿಗೆ ಹೊರಳಿದರೆ ಸ್ವಲ್ಪ ದಿನಕ್ಕೆ ಅದೇ ನಿಯಮ ನಾಯಿಯ ಬಟ್ಟಲಿಗೂ ಬರುತ್ತದೆ. ‘ನಮಗೇ ಬೇಡವಾದದ್ದು ಅದಕ್ಕೇಕೆ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್, ನಾಯಿಗೆ ಹಸಿ ಮಾಂಸ, ಹಸಿ ಮೂಳೆ ಕೊಡಿ ಎಂದು 1993ರಲ್ಲಿ ಪುಸ್ತಕ ಬರೆದರು. ‘ಬಾರ್ಫ್’ ಎಂದು ಹೆಸರಾದ ಆ ಪದ್ಧತಿಗೆ ಈಗ ನಮ್ಮ ನಗರಗಳಲ್ಲೂ ಅನುಯಾಯಿಗಳಿದ್ದಾರೆ.

ಈ ಉತ್ಸಾಹದಲ್ಲಿ ಎರಡು ಸಂಗತಿಗಳು ಕಲಸಿಹೋಗಿವೆ. ಕಾರ್ಖಾನೆಯ ಆಹಾರ ಕಡಿಮೆ ಮಾಡುವುದು ಒಂದು. ಒಲೆಯನ್ನೇ ಬಿಡುವುದು ಇನ್ನೊಂದು. ಮೊದಲನೆಯದು ಮನುಷ್ಯರಿಗೆ ಖಂಡಿತ ಒಳ್ಳೆಯದು, ಲೆಕ್ಕ ತಪ್ಪದಂತೆ ಮಾಡಿದರೆ ನಾಯಿಗೂ ಒಗ್ಗುತ್ತದೆ. ಎರಡನೆಯದರಲ್ಲಿ ನಾಯಿಗೆ ಲಾಭಕ್ಕಿಂತ ಅಪಾಯ ಹೆಚ್ಚು. ನಮಗೂ ಮಿತಿಯೊಳಗಿದ್ದರಷ್ಟೇ ಹಿತ. ತಾಜಾ ಆಹಾರಕ್ಕೆ ಬದಲಾಗಬೇಕು ಎಂದುಕೊಂಡವರು ಹೀಗೆ ಹೆಜ್ಜೆ ಇಡಬಹುದು.

ಹಂತ 1: ನಾಯಿ ತೋಳವಲ್ಲ, ನೆನಪಿರಲಿ

‘ತೋಳ ಬೇಯಿಸಿ ತಿನ್ನುತ್ತದೆಯೇ?’ ಎಂಬುದು ಹಸಿ ಮಾಂಸದ ಪರ ಇರುವವರ ಮೊದಲ ವಾದ. ತೋಳದಿಂದ ಬಂದರೂ ನಾಯಿಯ ಹೊಟ್ಟೆ ಮನುಷ್ಯನ ಜೊತೆಗೇ ಬದಲಾಗಿದೆ. ಸ್ವೀಡನ್ನಿನ ಉಪ್ಸಲಾದ ಸಂಶೋಧಕರು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಿಷ್ಟವನ್ನು ಅರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30 ಪ್ರತಿಗಳಿವೆ. ಬೆಂದ ಅನ್ನ, ಜೋಳ, ರಾಗಿ ಅದಕ್ಕೆ ಜೀರ್ಣವಾಗುವುದು ಹೀಗಾಗಿ. ಮುಧೋಳದ ಬೇಟೆನಾಯಿಗಳು ಹಳ್ಳಿಗಳಲ್ಲಿ ರೊಟ್ಟಿ, ಹಾಲು ತಿಂದೂ ಮೊಲದ ಹಿಂದೆ ಓಡಿದವು.

ಹಾಗೆಂದು ಮೊಸರನ್ನ ಒಂದೇ ಸಾಲದು. ಅನ್ನ ಶಕ್ತಿ ಕೊಡುತ್ತದೆ. ಸ್ನಾಯು, ಕೂದಲು, ರಕ್ತಕ್ಕೆ ಬೇಕಾದಷ್ಟು ಪ್ರೋಟೀನು ಅದರಲ್ಲಿಲ್ಲ.

ಹಂತ 2: ಹಸಿ ಮಾಂಸದ ಅಪಾಯವನ್ನು ತೂಗಿ ನೋಡಿ

ಸಾಲ್ಮೊನೆಲ್ಲಾ, ಲಿಸ್ಟೀರಿಯಾ, ಇ. ಕೋಲಿ ಮುಂತಾದ ಬ್ಯಾಕ್ಟೀರಿಯಾಗಳು ಹಸಿ ಮಾಂಸದಲ್ಲಿರಬಹುದು. ನಾಯಿಗೆ ಏನೂ ಆಗದೆಯೂ ಅದರ ಮಲದ ಮೂಲಕ ಇವು ಹೊರಬೀಳುತ್ತವೆ. ಬಟ್ಟಲು, ನೆಲ, ನೆಕ್ಕಿಸಿಕೊಂಡ ಕೈ ದಾಟಿ ಮನೆಯವರನ್ನು ತಲುಪುತ್ತವೆ. ಅಮೆರಿಕದ ಪಶುವೈದ್ಯಕೀಯ ಸಂಘ (ಎವಿಎಂಎ) 2012ರಲ್ಲೇ ನಾಯಿ, ಬೆಕ್ಕುಗಳಿಗೆ ಹಸಿ ಮಾಂಸ ಬೇಡವೆಂಬ ನಿಲುವು ತಳೆದದ್ದು ಇದೇ ಕಾರಣಕ್ಕೆ.

‘ಫ್ರೀಜರ್‌ನಲ್ಲಿಟ್ಟರೆ ಎಲ್ಲ ಸಾಯುತ್ತವೆ’ ಎಂಬುದು ತಪ್ಪು ತಿಳಿವಳಿಕೆ. ಮೈನಸ್ 20 ಡಿಗ್ರಿಯಲ್ಲಿ ಹಲವು ದಿನ ಇಟ್ಟರೆ ಕೆಲವು ಪರಾವಲಂಬಿ ಹುಳುಗಳು ಸಾಯುತ್ತವೆ. ಬ್ಯಾಕ್ಟೀರಿಯಾ, ವೈರಸ್ಸುಗಳು ಹಾಗೆಯೇ ಉಳಿಯಬಲ್ಲವು. 2024ರ ಕೊನೆಯಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಬೆಕ್ಕೊಂದು ಹಕ್ಕಿಜ್ವರದಿಂದ ಸತ್ತಿತು. ಅದು ತಿಂದಿದ್ದ, ಫ್ರೀಜ್ ಮಾಡಿದ ಹಸಿ ಟರ್ಕಿ ಮಾಂಸದಲ್ಲಿ ಆ ವೈರಸ್ ಸಿಕ್ಕಿತು.

ನಮ್ಮಲ್ಲಿ ಇನ್ನೊಂದು ಚಿಂತೆಯೂ ಇದೆ. ಮಟನ್ ಅಂಗಡಿಯಲ್ಲಿ ಉಳಿದ ಕುರಿಯ ಶ್ವಾಸಕೋಶ, ಲಿವರ್ ಚೂರನ್ನು ಹಸಿಯಾಗಿಯೇ ನಾಯಿಗೆ ಎಸೆಯುವ ರೂಢಿಯಿದೆ. ಆ ಅಂಗಗಳಲ್ಲಿ ಹೈಡಾಟಿಡ್ ಗುಳ್ಳೆಗಳಿದ್ದರೆ ನಾಯಿಯ ಕರುಳಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲದ ಮೂಲಕ ಮಣ್ಣಿಗೆ, ತರಕಾರಿಗೆ, ಕೈಗೆ ಸೇರಿ ಮನುಷ್ಯರ ಲಿವರ್, ಶ್ವಾಸಕೋಶದಲ್ಲಿ ಗುಳ್ಳೆ ಕಟ್ಟುತ್ತವೆ. ಅದಕ್ಕೆ ಹಲವು ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಆದ್ದರಿಂದ ಅಂಗಾಂಗದ ಮಾಂಸವನ್ನು ಚೆನ್ನಾಗಿ ಬೇಯಿಸಿಯೇ ಕೊಡಿ. ಪಶುವೈದ್ಯರು ಹೇಳಿದ ಅಂತರದಲ್ಲಿ ಜಂತುಹುಳದ ಔಷಧಿ ತಪ್ಪಿಸಬೇಡಿ.

ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇರುವ ಮನೆಯಲ್ಲಿ ನಾಯಿಗೆ ಹಸಿ ಮಾಂಸ ಬೇಡವೇ ಬೇಡ. ಮರಿಗೂ ಬೇಡ.

ಹಂತ 3: ನಾಯಿಗೆ ಎಷ್ಟು ಬೇಕೆಂದು ಲೆಕ್ಕ ಹಾಕಿ

ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು. ನಾಯಿಯ ತೂಕವನ್ನು (ಕಿಲೋದಲ್ಲಿ) ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ ತೂಕದಿಂದ ಗುಣಿಸಿ. ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ. ಬಂದ ಸಂಖ್ಯೆಯನ್ನು 70ರಿಂದ ಗುಣಿಸಿದರೆ ವಿಶ್ರಾಂತಿಯಲ್ಲಿದ್ದಾಗ ಅದಕ್ಕೆ ಬೇಕಾದ ಕ್ಯಾಲೊರಿ ಸಿಗುತ್ತದೆ. 20 ಕಿಲೋ ನಾಯಿಗೆ ಇದು ಸುಮಾರು 660.

ಸಂತಾನಹರಣ ಆದ ವಯಸ್ಕ ನಾಯಿಗೆ ಇದನ್ನು 1.6ರಿಂದ, ಆಗದಿದ್ದರೆ 1.8ರಿಂದ ಗುಣಿಸಿ. ನಾಲ್ಕು ತಿಂಗಳೊಳಗಿನ ಮರಿಗೆ 3ರಿಂದ, ಅದಕ್ಕಿಂತ ದೊಡ್ಡ ಮರಿಗೆ 2ರಿಂದ. ಅಂದರೆ ಸಂತಾನಹರಣ ಆದ 20 ಕಿಲೋ ನಾಯಿಗೆ ದಿನಕ್ಕೆ ಸುಮಾರು 1,050 ಕ್ಯಾಲೊರಿ. ಫ್ಲ್ಯಾಟ್‌ನಲ್ಲೇ ಮಲಗಿ ಕಾಲ ಕಳೆಯುವ ನಾಯಿಗೆ ಇದರಲ್ಲೂ ಸ್ವಲ್ಪ ಕಡಿಮೆ. ಪಕ್ಕೆಲುಬು ಕಣ್ಣಿಗೆ ಕಾಣದೆ, ಕೈಯಾಡಿಸಿದರೆ ಸಿಗುವಂತಿದ್ದರೆ ಅಳತೆ ಸರಿಯಿದೆ ಎಂದರ್ಥ.

ಹಂತ 4: ಬಟ್ಟಲು ತುಂಬಿಸಿ

20 ಕಿಲೋ ತೂಗುವ ವಯಸ್ಕ ನಾಯಿಯ ಒಂದು ದಿನದ ಊಟದ ಮಾದರಿ ಇದು. ಎರಡು ಹೊತ್ತಿಗೆ ಹಂಚಿ ಕೊಡಿ.

• ಮೂಳೆ, ಚರ್ಮ ತೆಗೆದ ಕೋಳಿ ಮಾಂಸ: 300 ಗ್ರಾಂ (ಬೇಯಿಸುವ ಮುನ್ನ)
• ಕೋಳಿ ಲಿವರ್: 25 ಗ್ರಾಂ
• ಮೊಟ್ಟೆ: ಒಂದು, ಬೇಯಿಸಿದ್ದು
• ಅನ್ನ: ಸುಮಾರು 300 ಗ್ರಾಂ, ಮೆತ್ತಗೆ ಬೆಂದದ್ದು, ಬದಲಿಗೆ ರಾಗಿ ಅಂಬಲಿ ಅಥವಾ ನುಚ್ಚು
• ಸಿಹಿಗುಂಬಳ, ಕ್ಯಾರೆಟ್, ಬೀನ್ಸ್: ಸೇರಿ 100 ಗ್ರಾಂ
• ಎಣ್ಣೆ: ಒಂದು ಟೀ ಚಮಚ
• ಮೊಟ್ಟೆಯ ಚಿಪ್ಪಿನ ಪುಡಿ: ಅರ್ಧ ಟೀ ಚಮಚ

ಉಪ್ಪು, ಖಾರ, ಒಗ್ಗರಣೆ ಯಾವುದೂ ಬೇಡ. ಕೋಳಿಯ ಒಳಭಾಗ 74 ಡಿಗ್ರಿ ಮುಟ್ಟಬೇಕು. ದಪ್ಪ ತುಂಡನ್ನು ಕತ್ತರಿಸಿದರೆ ಒಳಗೆ ಎಲ್ಲೂ ಗುಲಾಬಿ ಬಣ್ಣ ಉಳಿದಿರಬಾರದು. ಬೇಯಿಸಿದ ನೀರನ್ನು ಚೆಲ್ಲದೆ ಅನ್ನಕ್ಕೇ ಕಲಸಿ. ಲಿವರ್ ಅಗ್ಗವೆಂದು ದಿನವೂ ಬಟ್ಟಲು ತುಂಬ ಹಾಕಿದರೆ ವಿಟಮಿನ್ ಎ ವಿಪರೀತವಾಗಿ ಮೂಳೆ, ಕೀಲುಗಳು ಕೆಡುತ್ತವೆ.

ಮಾಂಸ ತರದ ಮನೆಯವರು ಮೊಟ್ಟೆ, ಪನೀರ್, ಮೊಸರು, ಚೆನ್ನಾಗಿ ಬೆಂದ ಬೇಳೆಯಿಂದ ಪ್ರೋಟೀನು ಹೊಂದಿಸಬಹುದು. ವೈದ್ಯರ ಸಲಹೆ ಜೊತೆಗಿರಲೇಬೇಕು. ಬೆಕ್ಕಿಗೆ ಇದು ಸಲ್ಲದು. ಅದು ಮಾಂಸವಿಲ್ಲದೆ ಆರೋಗ್ಯವಾಗಿ ಬದುಕಲಾರದು.

ಹಂತ 5: ಕ್ಯಾಲ್ಸಿಯಂ ಮರೆಯಬೇಡಿ

ಮನೆಯೂಟದಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲೇ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಬರೀ ಮಾಂಸ-ಅನ್ನ ತಿಂದು ಬೆಳೆಯುವ ಮರಿಯ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಕಾಲು ಸೊಟ್ಟಗಾಗುತ್ತದೆ, ಸಣ್ಣ ಜಿಗಿತಕ್ಕೂ ಮೂಳೆ ಮುರಿಯುತ್ತದೆ.

ಮೊಟ್ಟೆಯ ಚಿಪ್ಪನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಂತೆ ನುಣ್ಣಗೆ ಮಾಡಿಟ್ಟುಕೊಳ್ಳಿ. ಒಂದು ಗ್ರಾಂ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬೇಯಿಸಿದ ಮೂಳೆಯನ್ನು ಮಾತ್ರ ಕೊಡಬೇಡಿ: ಸೀಳಿ ಚೂಪಾದ ಚೂರುಗಳಾಗಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಹಸಿ ಮೂಳೆಯೂ ಹಲ್ಲು ಮುರಿಯಬಹುದು, ಕರುಳಿಗೆ ಅಡ್ಡವಾಗಬಹುದು.

ಚಿಪ್ಪಿನ ಪುಡಿಯಿಂದ ಎಲ್ಲವೂ ಸರಿಹೋಗುವುದಿಲ್ಲ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2013ರಲ್ಲಿ, ನಾಯಿಗಾಗಿ ಮನೆಯಲ್ಲೇ ಮಾಡುವ ಅಡುಗೆಯ 200 ಪಾಕವಿಧಾನಗಳನ್ನು ಪರಿಶೀಲಿಸಿದಾಗ ಶೇ 95ರಷ್ಟರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶದ ಕೊರತೆ ಕಂಡಿತು. ಮೇಲಿನ ಪಟ್ಟಿಯೂ ಇದಕ್ಕೆ ಹೊರತಲ್ಲ. ಸತು, ವಿಟಮಿನ್ ಡಿ, ವಿಟಮಿನ್ ಇ, ಅಯೋಡಿನ್ ಕೊರತೆ ನೀಗಿಸುವ ಪೂರಕವನ್ನು ವೈದ್ಯರಿಂದ ಬರೆಸಿಕೊಳ್ಳಿ. ಇಷ್ಟೆಲ್ಲ ಮಾಡುವ ವ್ಯವಧಾನವಿಲ್ಲದವರು ‘ಸಂಪೂರ್ಣ ಆಹಾರ’ ಎಂದು ನಮೂದಿಸಿರುವ ಒಳ್ಳೆಯ ಪ್ಯಾಕೆಟ್ ಆಹಾರವನ್ನೇ ಮುಂದುವರಿಸುವುದು ಜಾಣತನ.

ಹಂತ 6: ನಿಧಾನವಾಗಿ ಬದಲಿಸಿ

ಮೊದಲ ಎರಡು-ಮೂರು ದಿನ ಕಾಲು ಭಾಗ ಹೊಸ ಊಟ, ಮುಕ್ಕಾಲು ಭಾಗ ಹಳೆಯದು. ಆಮೇಲೆ ಅರ್ಧ-ಅರ್ಧ, ಆಮೇಲೆ ಮುಕ್ಕಾಲು. ಏಳರಿಂದ ಹತ್ತು ದಿನದಲ್ಲಿ ಬದಲಾವಣೆ ಮುಗಿಯಲಿ. ನಡುವೆ ಭೇದಿಯಾದರೆ ಹಿಂದಿನ ಹಂತಕ್ಕೆ ಮರಳಿ. ಎರಡು ದಿನಕ್ಕೂ ನಿಲ್ಲದಿದ್ದರೆ, ರಕ್ತ ಕಂಡರೆ ಆಸ್ಪತ್ರೆಗೆ ಒಯ್ಯಿರಿ.

ನಾಯಿಗೆ ಇವು ವಿಷ

• ಈರುಳ್ಳಿ, ಬೆಳ್ಳುಳ್ಳಿ: ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಸಿಯಾದರೂ ಬೇಯಿಸಿದರೂ ಅಷ್ಟೇ. ಉಳಿದ ಸಾರು, ಹುಳಿ, ಪಲ್ಯ ಕಲಸಿ ಹಾಕುವುದನ್ನು ನಿಲ್ಲಿಸಿ.
• ದ್ರಾಕ್ಷಿ, ಒಣದ್ರಾಕ್ಷಿ: ಮೂತ್ರಪಿಂಡ ಕೆಡಿಸುತ್ತವೆ. ಕೇಸರಿಬಾತ್, ಪಾಯಸದಲ್ಲಿರುವುದೂ ಲೆಕ್ಕಕ್ಕೆ ಬರುತ್ತದೆ.
• ಚಾಕೊಲೇಟ್, ಕಾಫಿ, ಟೀ
• ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್
• ಯೀಸ್ಟ್ ಹಾಕಿದ ಹಸಿ ಹಿಟ್ಟು, ಮದ್ಯ

ಹಂತ 7: ಈಗ ನಿಮ್ಮ ತಟ್ಟೆ

ಮೊದಲು ಪ್ಯಾಕೆಟ್‌ನ ಹಿಂಬದಿ ಓದಿ. ಮನೆಯ ಅಡುಗೆಯಲ್ಲಿ ಎಂದೂ ಬಳಸದ ಎಮಲ್ಸಿಫೈಯರ್, ಕೃತಕ ಬಣ್ಣ, ಸುವಾಸನೆಯ ಸಾಲು ಅಲ್ಲಿದ್ದರೆ ಅದು ಅತಿ ಸಂಸ್ಕರಿತ ಆಹಾರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಇಂಥದ್ದನ್ನು ಮಿತಗೊಳಿಸಿ ಎನ್ನುತ್ತದೆ. 2,000 ಕ್ಯಾಲೊರಿಯ ದಿನಕ್ಕೆ ಅದು ಸೂಚಿಸುವ ತಟ್ಟೆಯಲ್ಲಿ ಸೊಪ್ಪು-ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಹಾಲು-ಮೊಸರು 300 ಮಿಲಿಲೀಟರ್ ಇವೆ.

ಹಸಿಯಾಗಿ ತಿನ್ನುವುದನ್ನು ನಮ್ಮ ಊಟ ಮೊದಲಿನಿಂದಲೂ ಅಳತೆಯಲ್ಲಿಟ್ಟಿದೆ. ಹೆಸರುಬೇಳೆ ಕೋಸಂಬರಿ, ಒಂದೆಲಗದ ತಂಬುಳಿ, ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಪಕ್ಕಕ್ಕೆ ಬರುವ ಹಸಿ ಮೆಂತ್ಯಸೊಪ್ಪು, ಮೂಲಂಗಿ, ಸೌತೆಕಾಯಿ ಎಲ್ಲವೂ ಇದರ ಮಾದರಿಗಳೇ. ಕಾವಿಗೆ ನಾಶವಾಗುವ ವಿಟಮಿನ್ ಸಿ ಇವುಗಳಿಂದ ಸಿಗುತ್ತದೆ. ಟೊಮೆಟೊದ ಲೈಕೊಪೀನ್, ಕ್ಯಾರೆಟ್‌ನ ಬೀಟಾ ಕ್ಯಾರೋಟಿನ್ ಬೇಯಿಸಿದರೇ ಹೆಚ್ಚು ದಕ್ಕುತ್ತವೆ. ದಿನಕ್ಕೆರಡು ಸಲ ಒಂದೊಂದು ಬಟ್ಟಲು ಹಸಿ, ಉಳಿದದ್ದು ಬೇಯಿಸಿದ್ದು ಎಂದಿಟ್ಟುಕೊಂಡರೆ ಸಾಕು.

ಎಲ್ಲವನ್ನೂ ಹಸಿಯಾಗಿಯೇ ತಿನ್ನುತ್ತೇನೆ ಎಂಬ ಹಟ ಬೇಡ. 1929ರಲ್ಲಿ ಗಾಂಧೀಜಿ ಸಾಬರಮತಿಯಲ್ಲಿ ಬೇಯಿಸದ ಆಹಾರದ ಪ್ರಯೋಗ ಮಾಡಿ ‘ಯಂಗ್ ಇಂಡಿಯಾ’ದಲ್ಲಿ ಅದರ ಬಗ್ಗೆ ಬರೆದಿದ್ದರು; ಆಮಶಂಕೆ ಕಾಡಿದ ಮೇಲೆ ಅವರೂ ಅದನ್ನು ಬಿಡಬೇಕಾಯಿತು. ದೀರ್ಘಕಾಲ ಹಸಿ ಆಹಾರವನ್ನೇ ಉಂಡವರನ್ನು ಕುರಿತು ಜರ್ಮನಿಯಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 45 ವರ್ಷದೊಳಗಿನ ಮಹಿಳೆಯರಲ್ಲಿ ಸುಮಾರು ಶೇ 30 ಮಂದಿಗೆ ಮುಟ್ಟು ತಪ್ಪುತ್ತಿತ್ತು ಅಥವಾ ನಿಂತೇ ಹೋಗಿತ್ತು.

ಹಂತ 8: ಬೇಯಿಸಲೇಬೇಕಾದವು, ತೊಳೆಯಲೇಬೇಕಾದವು

• ರಾಜ್ಮಾ: ಕನಿಷ್ಠ ಐದು ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ. ಹಸಿ ಕಾಳಿನ ಲೆಕ್ಟಿನ್ ತೀವ್ರ ವಾಂತಿ-ಭೇದಿ ತರಿಸುತ್ತದೆ. ಮೊಳಕೆ ಬರಿಸಿದರೂ ಹಸಿಯಾಗಿ ತಿನ್ನಬೇಡಿ.
• ಮರಗೆಣಸು: ಹಸಿಯದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ.
• ಹಾಲು: ಕಾಯಿಸದ ಹಾಲಿನಿಂದ ಬ್ರುಸೆಲ್ಲೋಸಿಸ್, ಕ್ಷಯ ಬರಬಹುದು.
• ಸೋರೆಕಾಯಿ ರಸ: ಕಹಿ ಸೋರೆಕಾಯಿಯ ರಸ ಕುಡಿದು ದೇಶದಲ್ಲಿ ಸಾವುಗಳಾಗಿವೆ. ಚೂರು ಬಾಯಿಗೆ ಹಾಕಿ ನೋಡಿ. ಕಹಿಯಿದ್ದರೆ ಇಡೀ ಕಾಯಿಯನ್ನೇ ಎಸೆಯಿರಿ.
• ಮೊಟ್ಟೆ: ಹಸಿ ಬಿಳಿಯಲ್ಲಿರುವ ಅವಿಡಿನ್ ದೇಹಕ್ಕೆ ಬಯೋಟಿನ್ ದಕ್ಕದಂತೆ ಮಾಡುತ್ತದೆ. ಸಾಲ್ಮೊನೆಲ್ಲಾದ ಭಯವೂ ಇದೆ.

ಮೊಳಕೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಕಾಳು ಮೊಳೆಯಲು ಬೇಕಾದ ಬೆಚ್ಚನೆಯ ತೇವ ಬ್ಯಾಕ್ಟೀರಿಯಾಕ್ಕೂ ಹಿತ. 2011ರಲ್ಲಿ ಜರ್ಮನಿಯಲ್ಲಿ 50ಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾದ ಇ. ಕೋಲಿ ಸೋಂಕಿನ ಮೂಲ, ಈಜಿಪ್ಟ್‌ನಿಂದ ಬಂದ ಬೀಜದಿಂದ ಬೆಳೆದ ಮೆಂತ್ಯದ ಮೊಳಕೆ ಎಂದು ತನಿಖೆಯಲ್ಲಿ ತಿಳಿಯಿತು. ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಮೊಳಕೆಕಾಳನ್ನು ಬೇಯಿಸಿ, ಉಸಲಿ ಮಾಡಿ ಕೊಡಿ.

ಹಸಿಯಾಗಿ ತಿನ್ನುವ ಸೊಪ್ಪನ್ನು ಬಿಡಿಸಿ, ಎಲೆ ಎಲೆಯಾಗಿ ಹರಿಯುವ ನೀರಿನಲ್ಲಿ ತೊಳೆಯಿರಿ. ಚರಂಡಿ ನೀರಿನಲ್ಲಿ ಬೆಳೆದ ಸೊಪ್ಪು-ತರಕಾರಿಯಲ್ಲಿ ಲಾಡಿಹುಳುವಿನ ಮೊಟ್ಟೆ ಇರಬಹುದು. ಹಂದಿಯ ಲಾಡಿಹುಳುವಿನ ಮೊಟ್ಟೆ ಹೊಟ್ಟೆ ಸೇರಿದರೆ ಮಿದುಳಿನಲ್ಲಿ ಗುಳ್ಳೆಯಾಗಿ ಫಿಟ್ಸ್ ತರಿಸುತ್ತದೆ. ಎಲ್ಲಿ ಬೆಳೆದದ್ದೆಂದು ತಿಳಿಯದ ಸೊಪ್ಪನ್ನು ಬೇಯಿಸಿಯೇ ತಿನ್ನಿ.

ಹಸಿ ಮಾಂಸವನ್ನೇ ಕೊಡುತ್ತೇನೆ ಎನ್ನುವವರಿಗೆ

ಪಶುವೈದ್ಯರಿಗೆ ಹೇಳಿಯೇ ಆರಂಭಿಸಿ. ಮನುಷ್ಯರ ಬಳಕೆಗೆಂದು ಮಾರುವ, ಆಗತಾನೇ ಕತ್ತರಿಸಿದ ಮಾಂಸವನ್ನೇ ಕೊಳ್ಳಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನದವರೆಗೆ ಕೊಕ್ಕೆಗೆ ನೇತಾಡಿದ ಮಾಂಸ ಬೇಡ. ಫ್ರೀಜರ್‌ನಲ್ಲಿಟ್ಟಿದ್ದರೆ ಫ್ರಿಜ್‌ನ ಕೆಳಗಿನ ಅರೆಯಲ್ಲಿ, 5 ಡಿಗ್ರಿಗಿಂತ ಕಡಿಮೆ ಇರುವಲ್ಲಿ ಕರಗಿಸಿ. ಅಡುಗೆಕಟ್ಟೆಯ ಮೇಲೆ ಬೇಡ. ಅದಕ್ಕೆಂದೇ ಬೇರೆ ಚಾಕು, ಬೇರೆ ಹಲಗೆ ಇರಲಿ. ಅರ್ಧ ಗಂಟೆಯಲ್ಲಿ ತಿನ್ನದೆ ಬಿಟ್ಟದ್ದನ್ನು ಎಸೆದು, ಬಟ್ಟಲನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ. ಹಂದಿ ಮಾಂಸವನ್ನು, ಯಾವುದೇ ಪ್ರಾಣಿಯ ಶ್ವಾಸಕೋಶ, ಲಿವರನ್ನು ಹಸಿಯಾಗಿ ಕೊಡಲೇಬೇಡಿ.

ಪೇಟೆಯಿಂದ ತಾಜಾ ತನ್ನಿ, ಪ್ಯಾಕೆಟ್ ಕಡಿಮೆ ಮಾಡಿ, ಒಲೆ ಮಾತ್ರ ಆರಿಸಬೇಡಿ. ನಾಯಿಯ ಊಟ ಬದಲಿಸುವ ಮೊದಲು ಅದರ ತೂಕ ಬರೆದಿಟ್ಟುಕೊಂಡು, ಹತ್ತಿರದ ಪಶು ಆಸ್ಪತ್ರೆಗೆ ಒಮ್ಮೆ ಕರೆದೊಯ್ದು, ಮಾಡಬೇಕೆಂದಿರುವ ಊಟದ ಪಟ್ಟಿಯನ್ನು ವೈದ್ಯರಿಗೆ ತೋರಿಸಿ.